ಮರಳು ಕಚ್ಚಿದ ಕೊಳವೆ

ಡೆನ್ ಹೆಲ್ಡರ್ ಬಂದರಿನ ಒಂದು ಶೆಡ್ಡಿನಲ್ಲಿ ರಿನ್ಸ್ಕೆ ಮತ್ತು ಅವಳ ಗಂಡ ಗೆರ್ಬೆನ್ ಬೆಳಗಿನಿಂದ ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡಿರಲಿಲ್ಲ. ಭಾನುವಾರದ ಊಟಕ್ಕೆ ತನ್ನ ಅಣ್ಣನ ಇಡೀ ಸಂಸಾರವನ್ನು ಕರೆದುಬಿಟ್ಟಿದ್ದ ಗೆರ್ಬೆನ್, ಅದನ್ನು ಹೆಂಡತಿಗೆ ಹೇಳಿದ್ದು ಕೆಲಸಕ್ಕೆ ಹೊರಟು ಸೈಕಲ್ ಏರುವಾಗ. ದಾರಿಯುದ್ದಕ್ಕೂ ಎದುರುಗಾಳಿ. ರಿನ್ಸ್ಕೆ ಹಿಂತಿರುಗಿ ನೋಡದೆ ಮುಂದೆ ತುಳಿದುಕೊಂಡು ಬಂದಿದ್ದಳು.

ಸಮುದ್ರದ ನಡುವಿನ ಅನಿಲ ಬಾವಿಗಳನ್ನು ಗುಡಿಸಿ ಬಂದ ಸಲಕರಣೆಗಳನ್ನು ಬಿಚ್ಚಿ, ತೊಳೆದು, ಮತ್ತೆ ಹಡಗು ಹತ್ತಿಸುವುದು ಅವರ ಕೆಲಸ. ಬಾವಿಯ ಗೋಡೆ ಕೆರೆಯುವ ಹಲ್ಲುಗಳು, ತಂತಿಯ ಕುಂಚಗಳು, ಕಬ್ಬಿಣದ ಚೂರನ್ನೆಲ್ಲ ಮೈತುಂಬ ಅಂಟಿಸಿಕೊಂಡು ಮುಳ್ಳುಹಂದಿಯಂತೆ ಕಾಣುವ ಆಯಸ್ಕಾಂತಗಳು. ಅವತ್ತು ಬಂದದ್ದು ಒಂದು ಮೊಗೆಗೊಳವೆ. ಬಾವಿಯ ತಳಕ್ಕೆ ಇಳಿಸಿದರೆ ಅಲ್ಲಿ ಕೂತ ಮರಳನ್ನು ಒಂದೇ ಉಸಿರಿಗೆ ಒಳಗೆಳೆದುಕೊಂಡು, ಬಾಯಿ ಮುಚ್ಚಿಕೊಂಡು ಮೇಲೆ ಬರುವ ಉಕ್ಕಿನ ಕೊಳವೆ ಅದು.

"ಮಧ್ಯಾಹ್ನದ ಹಡಗಿಗೇ ಇದು ವಾಪಸ್ ಹೋಗ್ಬೇಕು. ಅಲ್ಲಿ ಬಾವಿ ಮರಳು ತುಂಬ್ಕೊಂಡು ನಿಂತಿದೆ," ಎಂದ ಮೇಸ್ತ್ರಿ ಹಾರ್ಮೆನ್. ಚಾಕೊಲೇಟ್ ಚೂರು ಉದುರಿಸಿದ ಬ್ರೆಡ್ಡು ಅವನ ಬಾಯಲ್ಲಿತ್ತು. "ಬೇಗ ಬಿಚ್ಚು ಗೆರ್ಬೆನ್. ಪೂಜೆ ಮಾಡ್ಕೊಂಡು ಕೂರ್ಬೇಡ."

ಗೆರ್ಬೆನ್ ಕೊಳವೆಯನ್ನು ತನ್ನ ಅಂಕಣಕ್ಕೆ ಒಯ್ದು ಇಕ್ಕಳದ ಮೇಜಿಗೆ ಬಿಗಿದ. ಮೂರು ಕಡೆ ಗೋಡೆ, ಒಂದು ಕಡೆ ಬಾಗಿಲಿನಗಲದ ತೆರಪು ಇದ್ದ ಇಕ್ಕಟ್ಟಾದ ಜಾಗ ಅದು. ಕೊಳವೆಯ ಮುಚ್ಚಳದ ತುದಿ ಆ ತೆರಪಿನ ಕಡೆಗಿತ್ತು. ಒಳಗೆ ಬಾವಿಯ ಅನಿಲದ ಒತ್ತಡವೇನಾದರೂ ಉಳಿದಿದ್ದರೆ ಹೊರಗೆ ಹೋಗಲೆಂದು ಪಕ್ಕದಲ್ಲೊಂದು ಸಣ್ಣ ತಿರುಪು ಇರುತ್ತದೆ. ಗೆರ್ಬೆನ್ ಅದನ್ನು ಸಡಿಲಿಸಿ ಕಿವಿಗೊಟ್ಟ. ಸದ್ದಿಲ್ಲ. ಖಾಲಿ ಅಂದುಕೊಂಡ. ಆ ತೂತಿಗೂ ಮರಳು ಗಟ್ಟಿಯಾಗಿ ಕಚ್ಚಿ ಕೂತಿರಬಹುದೆಂದು ಅವನಿಗೆ ಹೊಳೆಯಲಿಲ್ಲ.

ಮುಚ್ಚಳ ಜಪ್ಪಯ್ಯ ಅಂದರೂ ಅಲುಗಲಿಲ್ಲ. ತುಕ್ಕು ಇರಬೇಕೆಂದು ಸ್ಪ್ಯಾನರಿನ ಹಿಡಿಗೆ ಮಾರುದ್ದದ ಪೈಪು ಸಿಕ್ಕಿಸಿ, ಮೈಭಾರ ಹಾಕಿ ತಿರುಗಿಸಿದ. ಕಿರುಗುಟ್ಟುತ್ತ ಒಂದು ಸುತ್ತು ಬಂತು. ಮತ್ತೊಂದು ಬಂತು. ಆಮೇಲೂ ಬಂತು.

ಎದುರಿನ ತೊಟ್ಟಿಯ ಬಳಿ ಆಯಸ್ಕಾಂತಕ್ಕೆ ನೀರು ಹಾಯಿಸುತ್ತಿದ್ದ ರಿನ್ಸ್ಕೆಗೆ ಕಿರುಗುಟ್ಟುವುದು ನಿಂತದ್ದು ಗೊತ್ತಾಯಿತು. ಅವಳು ತಲೆಯೆತ್ತಿ ನೋಡಿದಾಗ ಗೆರ್ಬೆನ್ ಪೈಪಿನ ಹಿಡಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದ. ಫೋಟೋಗೆ ನಿಂತವನ ಹಾಗೆ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನಾಯ್ತೋ?" ಎನ್ನುತ್ತ ಅವಳು ನೀರು ನಿಲ್ಲಿಸಿ ಎರಡು ಹೆಜ್ಜೆ ಇಟ್ಟಳು.

"ಬರ್ಬೇಡ." ಅವನ ದನಿ ಪಿಸುಗುಟ್ಟಿದಷ್ಟೇ ಇತ್ತು. "ರಿನ್ಸ್ಕೆ, ಎದುರಿಗೆ ಬರ್ಬೇಡ. ಪಕ್ಕಕ್ಕೆ ಹೋಗು. ಗೋಡೆ ಹಿಂದೆ."

ಅವಳಿಗೆ ಆಗ ಸದ್ದು ಕೇಳಿಸಿತು. ಒಲೆಯ ಮೇಲಿನ ಕೆಟಲ್ ಇನ್ನೇನು ಕೂಗುವ ಮೊದಲು ಮೂಗಿನಲ್ಲಿ ಎಳೆಯುತ್ತದಲ್ಲ, ಅಂಥ ಎಳೆಯಾದ ಸದ್ದು. ಮುಚ್ಚಳ ಕೊಳವೆಗೆ ಸೇರುವ ಸಂದಿನ ಸುತ್ತ ಬೆಳ್ಳಗೆ ಹಿಮ ಕಟ್ಟುತ್ತಿತ್ತು. ಒಳಗಿನ ಅನಿಲ ಕೂದಲೆಳೆಯಷ್ಟು ದಾರಿಯಲ್ಲಿ ನುಗ್ಗಿ ಹೊರಬರುವಾಗ ಕಬ್ಬಿಣವನ್ನೇ ಹಿಮಗಟ್ಟುವಷ್ಟು ತಣ್ಣಗಾಗಿಸುತ್ತದೆ. ಅವಳು ಗೋಡೆಯನ್ನು ತಡವಿಕೊಂಡು ಅದರ ಹಿಂದಕ್ಕೆ ಸರಿದಳು.

"ಎಷ್ಟು ಸುತ್ತು ಉಳಿದಿದೆ?"

"ಗೊತ್ತಿಲ್ಲ ಕಣೇ. ಜಾಸ್ತಿ ಇಲ್ಲ. ಹಿಂದಕ್ಕೆ ಬಿಗಿಯೋಣ ಅಂದ್ರೆ ಮರಳು ಸಿಕ್ಕೊಂಡಿದೆ. ಈ ಪೈಪ್ ಬಿಟ್ರೆ ಅದರ ಭಾರಕ್ಕೇ ಇನ್ನೊಂಚೂರು ಬಿಚ್ಕೊಳ್ಳುತ್ತೆ."

ಮುಚ್ಚಳ ಹಾರಿದರೆ ಗುಂಡಿನಂತೆ ನೇರ ತೆರಪಿನ ಮೂಲಕವೇ ಹೋಗುತ್ತದೆ. ಹಿಂದೆಯೇ ಬರುವ ಮರಳು ಎದುರಿಗಿದ್ದವರ ಚರ್ಮ ಸುಲಿಯುತ್ತದೆ. ಗೆರ್ಬೆನ್ ಹೊರಗೆ ಬರಬೇಕಾದರೆ ಆ ಬಾಯಿಯ ಮುಂದೆಯೇ ದಾಟಬೇಕು. ಬೇರೆ ದಾರಿ ಇಲ್ಲ.

ಸದ್ದು ಕೇಳಿ ಬಂದ ಹಾರ್ಮೆನ್ ಒಂದು ಸಲ ಇಣುಕಿದವನೇ ಫೋನ್ ಕಿವಿಗಿಟ್ಟುಕೊಂಡು ಅಂಗಳಕ್ಕೆ ಓಡಿದ. "ಅಗ್ನಿಶಾಮಕದವರು ಹೊರಟಿದಾರೆ!" ಎಂದು ಅಲ್ಲಿಂದಲೇ ಕೂಗಿದ. "ಹಾಗೇ ಹಿಡ್ಕೊಂಡಿರು ಮಾರಾಯ!"

"ಹಿಡ್ಕೊಳ್ದೆ ಕುಣೀಲಾ?" ಎಂದ ಗೆರ್ಬೆನ್. ಆದರೆ ಅವನ ತೋಳು ಅದುರುತ್ತಿತ್ತು. ಆ ನಡುಕ ಪೈಪಿಗೆ ದಾಟಿ, ಪೈಪಿನಿಂದ ಮುಚ್ಚಳಕ್ಕೆ ದಾಟಿ, ಕೆಟಲಿನ ಸದ್ದು ಒಮ್ಮೊಮ್ಮೆ ಏರುತ್ತಿತ್ತು. "ರಿನ್ಸ್ಕೆ, ನಮ್ಮಣ್ಣಂಗೆ ಹೇಳ್ಬಿಡು, ಭಾನುವಾರ ಬರೋದು ಬೇಡ ಅಂತ."

"ಬಾಯ್ಮುಚ್ಚು," ಎಂದಳು ಅವಳು. "ನೀನೇ ಕರ್ದಿದ್ದು. ನೀನೇ ಬಡಿಸ್ಬೇಕು."

ಅಗ್ನಿಶಾಮಕದವರು ಬರುವವರೆಗೆ ಆ ತೋಳು ತಡೆಯುವುದಿಲ್ಲ ಎಂದು ಅವಳಿಗೆ ಅರ್ಥವಾಗಿತ್ತು. ಶೆಡ್ಡಿನ ಮೂಲೆಯಲ್ಲಿ ಹಳೆಯ ಕೆರೆಹಲ್ಲುಗಳನ್ನು ತುಂಬಿಟ್ಟ ಉಕ್ಕಿನ ಪೆಟ್ಟಿಗೆ ಇತ್ತು. ಆಳೆತ್ತರ, ಆನೆಯಷ್ಟು ಭಾರ. ಅದನ್ನು ಕೊಳವೆಯ ಬಾಯಿಗೆ ಅಡ್ಡ ಇಟ್ಟರೆ ಗೋಡೆಗೂ ಪೆಟ್ಟಿಗೆಗೂ ನಡುವೆ ಒಬ್ಬ ಮನುಷ್ಯ ನುಸುಳಬಹುದು. ಅವಳು ಹೋಗಿ ಫೋರ್ಕ್‌ಲಿಫ್ಟ್ ಹತ್ತಿದಳು. ಕೀಲಿ ತಿರುಗಿಸಿದಳು.

"ಹುಚ್ಚು ಹಿಡಿದಿದೆಯಾ ನಿಂಗೆ?" ಹಾರ್ಮೆನ್ ಅಂಗಳದಿಂದ ಅರಚಿದ. "ಗಾಡಿ ಅದುರೋದಕ್ಕೇ ಅದು ಹಾರುತ್ತೆ!"

ಹಾರಬಹುದು ಎಂದು ಅವಳಿಗೂ ಗೊತ್ತಿತ್ತು. ಪೆಟ್ಟಿಗೆ ಎತ್ತಿಕೊಂಡು ತೆರಪಿನ ನೇರಕ್ಕೆ ಬಂದಾಗ ಅವಳ ಮುಂದೆ ಇದ್ದದ್ದು ಬಣ್ಣ ಹೋದ ಉಕ್ಕು ಮಾತ್ರ. ಗಂಡ ಕಾಣಲಿಲ್ಲ, ಕೊಳವೆ ಕಾಣಲಿಲ್ಲ.

"ನೀನು ಹೇಳ್ಬೇಕು ಗೆರ್ಬೆನ್. ನಂಗೇನೂ ಕಾಣ್ತಿಲ್ಲ."

"ಬಾ. ಮೆಲ್ಲಗೆ. ಇನ್ನೂ ಮೆಲ್ಲಗೆ." ಉಕ್ಕಿನಾಚೆಯಿಂದ ದನಿ ಬಂತು. "ಎಡಕ್ಕೆ. ಎಡ, ಎಡ! ನಿನ್ನೆಡ ಕಣೇ, ನನ್ನೆಡ ಅಲ್ಲ."

ಅವಳು ನಿಲ್ಲಿಸಿದಳು. ಅಷ್ಟು ವರ್ಷ ಆ ಗಾಡಿ ಓಡಿಸಿದವಳಿಗೆ ತನ್ನ ಎಡ ಯಾವುದೆಂದು ಯೋಚಿಸಬೇಕಾಯಿತು.

"ಹಾಂ, ಹಾಗೆ. ಮುಂದೆ. ಇನ್ನೊಂದು ಗೇಣು. ತಾಗಿಸ್ಬೇಡ, ದೇವರಾಣೆ ತಾಗಿಸ್ಬೇಡ... ಸಾಕು! ಇಳಿಸು."

ಪೆಟ್ಟಿಗೆ ನೆಲ ಮುಟ್ಟಿದಾಗ ಕಾಂಕ್ರೀಟು ಗುದ್ದಿದ ಹಾಗಾಯಿತು. ಕೆಟಲಿನ ಸದ್ದು ಏರಿತು. ಅವಳು ಕಣ್ಣು ಮುಚ್ಚಿ, ಕೂತಲ್ಲೇ ಮುದುಡಿಕೊಂಡಳು. ಸದ್ದು ಏರಿದಷ್ಟೇ ಏರಿ ಅದೇ ಮಟ್ಟದಲ್ಲಿ ಉಳಿಯಿತು.

"ಬೆಲ್ಟಲ್ಲಿ ಪೈಪನ್ನ ಗೋಡೆ ಕೊಕ್ಕೆಗೆ ಕಟ್ತೀನಿ," ಎಂದ ಗೆರ್ಬೆನ್. "ನೀನು ಹೋಗು."

"ಹೋಗಲ್ಲ."

"ಹೋಗೇ, ಕತ್ತೆ!"

"ನೀನು ಮೊದ್ಲು ಕಟ್ಟು."

ಬಕಲ್ಲಿನ ಸದ್ದು, ಒಂದು ಬೈಗುಳ, ಆಮೇಲೆ ತುಂಬಾ ಹೊತ್ತು ಏನೂ ಇಲ್ಲ. ಅವನು ಕೈ ಬಿಟ್ಟನೋ ಇಲ್ಲವೋ ಎಂದು ಅವಳಿಗೆ ತಿಳಿಯಲಿಲ್ಲ. ಕೊನೆಗೆ ಪೆಟ್ಟಿಗೆಯ ಪಕ್ಕದಿಂದ ಒಂದು ಕೈ ಬಂತು, ಆಮೇಲೆ ಭುಜ, ಆಮೇಲೆ ಗೋಡೆಗೆ ಕೆನ್ನೆ ಉಜ್ಜಿಕೊಂಡು ಅವನ ಮುಖ. ಬೆಲ್ಟಿಲ್ಲದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದ. ಅವಳು ಗಾಡಿಯಿಂದ ಹಾರಿ ಅವನ ಕಾಲರ್ ಹಿಡಿದು ಎಳೆದಳು. ಇಬ್ಬರೂ ಓಡಿದರು. ಅಂಗಳದ ಆಚೆ ತುದಿಯ ಬೇಲಿ ಕೈಗೆ ತಾಕುವವರೆಗೂ ನಿಲ್ಲಲಿಲ್ಲ.

ಅಲ್ಲಿ ಚಳಿಗಾಲದ ತೆಳು ಬಿಸಿಲಿತ್ತು. ಕಡಲಹಕ್ಕಿಗಳು ಯಾರದೋ ಬ್ರೆಡ್ಡಿನ ತುಣುಕಿಗೆ ಕಚ್ಚಾಡುತ್ತಿದ್ದವು. ಶೆಡ್ಡಿನಿಂದ ಏನೂ ಕೇಳಿಸಲಿಲ್ಲ. ಹಾರ್ಮೆನ್ ಬಾಗಿಲ ಕಡೆಗೂ ಹಡಗುಕಟ್ಟೆಯ ಕಡೆಗೂ ನೋಡಿದ.

"ಸದ್ದು ನಿಂತಿದೆ ಅನ್ಸುತ್ತೆ," ಎಂದ. "ಇಷ್ಟು ಹೊತ್ತು ಸೋರಿದ್ಮೇಲೆ ಏನು ಉಳಿದಿರುತ್ತೆ? ಸ್ವಲ್ಪ ಮರಳು, ಅಷ್ಟೆ. ನಾನೊಮ್ಮೆ ಇಣುಕಿ ಬರ್ತೀನಿ. ಹಡಗಿನವನು ಪ್ರಾಣ ತಿಂತಿದಾನೆ."

"ಹೋಗ್ಬೇಡ," ಎಂದಳು ರಿನ್ಸ್ಕೆ.

"ನಿನ್ನ ಗಂಡ ಹೆದ್ರಿದಾನೆ ಅಂತ ಶೆಡ್ಡಿಗೇ ಬೀಗ ಹಾಕೋಕಾಗುತ್ತಾ?"

ಅವನು ಹೊರಟೇಬಿಟ್ಟ. ರಿನ್ಸ್ಕೆ ಹಿಂದಿನಿಂದ ಅವನ ಜಾಕೆಟ್ ಹಿಡಿದಳು. ಅವನು ಕೊಸರಿದ. ಅವಳು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದಳು. ದೊಡ್ಡ ಮೈಯ ಮೇಸ್ತ್ರಿ ಅವಳನ್ನು ಎಳೆದುಕೊಂಡೇ ನಾಲ್ಕು ಹೆಜ್ಜೆ ನಡೆದ. "ಬಿಡೇ! ಜನ ನೋಡ್ತಿದಾರೆ!" ಎಂದು ಬೈಯುತ್ತಿದ್ದ.

ಆಗ ಅದು ಹಾರಿತು.

ಸದ್ದು ಕಿವಿಗಿಂತ ಮೊದಲು ಎದೆಗೆ ಹೊಡೆಯಿತು. ಶೆಡ್ಡಿನ ತಗಡು ಒಮ್ಮೆ ಉಬ್ಬಿದಂತೆ ಕಂಡಿತು, ಕಿಟಕಿಗಳೆಲ್ಲ ಅಂಗಳಕ್ಕೆ ಸುರಿದವು. ಬಾಗಿಲಿನಿಂದ ಬೂದುಬಣ್ಣದ ಮರಳು ಹೊಗೆಯಂತೆ ಉಕ್ಕಿ ಬಂತು. ಎಷ್ಟೋ ಹೊತ್ತಿನವರೆಗೆ ಅದು ಅವರ ಕೂದಲಿನ ಮೇಲೆ, ಹುಬ್ಬಿನ ಮೇಲೆ ಮೆತ್ತಗೆ ಇಳಿಯುತ್ತಲೇ ಇತ್ತು. ಹಾರ್ಮೆನ್ ನೆಲದ ಮೇಲೆ ಕೂತಿದ್ದ.

ಅಗ್ನಿಶಾಮಕದವರು ಬಂದು ಒಳಗೆ ಹೋಗಿ ನೋಡಿದರು. ಆನೆಯಷ್ಟು ಭಾರದ ಪೆಟ್ಟಿಗೆ ಫೋರ್ಕ್‌ಲಿಫ್ಟನ್ನೂ ತಳ್ಳಿಕೊಂಡು ತೊಟ್ಟಿಯವರೆಗೆ ಸರಿದಿತ್ತು. ಮುಚ್ಚಳ ಅದರೊಳಗೆ ಹೊಕ್ಕು ಕೂತಿತ್ತು. ಬೆಲ್ಟು ಹರಿದು, ಗೆರ್ಬೆನ್ ನಿಂತಿದ್ದ ಜಾಗದ ಹಿಂದಿನ ಗೋಡೆಗೆ ಪೈಪು ಬಡಿದು ಇಟ್ಟಿಗೆ ಪುಡಿಯಾಗಿತ್ತು. ಗೆರ್ಬೆನ್ ಅದನ್ನು ನೋಡಲು ಹೋಗಲಿಲ್ಲ. ಬೇಲಿಗೆ ಒರಗಿ, ಪ್ಯಾಂಟು ಹಿಡಿದುಕೊಂಡೇ ವಾಂತಿ ಮಾಡಿಕೊಂಡ.

ಕಂಪನಿಯವರು ಬಂದರು, ವಿಚಾರಣೆ ನಡೆಯಿತು. ಕೊಳವೆಯನ್ನು ಪರೀಕ್ಷಿಸದೆ ಕಳಿಸಿದ್ದು ಸಮುದ್ರದ ಬಾವಿಯವರ ತಪ್ಪು, ಅವಸರ ಮಾಡಿದ್ದು ಹಾರ್ಮೆನ್‌ನ ತಪ್ಪು, ಹಿಡಿಗೆ ಪೈಪು ಸಿಕ್ಕಿಸಿದ್ದು ಗೆರ್ಬೆನ್‌ನ ತಪ್ಪು ಎಂದಾಯಿತು. ಯಾರ ಕೆಲಸವೂ ಹೋಗಲಿಲ್ಲ. ಶೆಡ್ಡಿಗೆ ಹೊಸ ಗಾಜು ಬಂತು. ಕೆಲವು ವಾರಗಳಾದ ಮೇಲೆ ಗಂಡ ಹೆಂಡತಿ ಇಬ್ಬರೂ ಮತ್ತೆ ಅದೇ ಕೆಲಸಕ್ಕೆ ಬಂದರು. ಬೇರೆ ಕೆಲಸ ಹುಡುಕೋಣ ಎಂದು ಇಬ್ಬರೂ ಹೇಳಿಕೊಂಡಿದ್ದರು, ಹುಡುಕಿರಲಿಲ್ಲ.

ರಿನ್ಸ್ಕೆ ಈಗ ಗದ್ದಲ ತಡೆಯುವ ಕಿವಿಮುಚ್ಚಳ ಹಾಕಿಕೊಳ್ಳುವುದಿಲ್ಲ. ತೊಳೆಯುತ್ತ ತೊಳೆಯುತ್ತ ಗಂಡನ ಅಂಕಣದಲ್ಲಿ ಸದ್ದು ನಿಂತಿತು ಅನ್ನಿಸಿದರೆ ಸಾಕು, ನೀರು ನಿಲ್ಲಿಸುತ್ತಾಳೆ.

"ಗೆರ್ಬೆನ್!"

"ಇದ್ದೀನಿ ಕಣೇ. ಮೂಗು ಒರೆಸ್ಕೊಳ್ತಿದ್ದೆ. ಒಬ್ಬ ಮನುಷ್ಯ ಮೂಗೂ ಒರೆಸ್ಕೋಬಾರ್ದಾ?"

"ಒರೆಸ್ಕೊ. ಆದ್ರೆ ಮಾತಾಡ್ತಾ ಒರೆಸ್ಕೊ."

ಅವನು ಗೊಣಗುತ್ತಾನೆ. ಆ ಗೊಣಗಾಟ ಮುಗಿಯುವವರೆಗೂ ಅವಳು ನಲ್ಲಿಯ ಮೇಲೆ ಕೈಯಿಟ್ಟುಕೊಂಡು ನಿಂತಿರುತ್ತಾಳೆ. ಸ್ಪ್ಯಾನರು ಮತ್ತೆ ಕಬ್ಬಿಣಕ್ಕೆ ತಾಗಿದ ಸದ್ದು ಬಂದ ಮೇಲೆಯೇ ನೀರು ಬಿಡುತ್ತಾಳೆ.