ಹಸಿದ ಜೀವಕೋಶ ಕಟ್ಟಿಟ್ಟ ಹನಿ

ಎಳ್ಳಮವಾಸ್ಯೆಯ ಮುಂಜಾನೆ ಶಾಂಭವಿಗೆ ಬಸ್ಸಿನ ಅವಸರ. ತೊರವಿಯಾಚೆಯ ಪ್ರಯೋಗಾಲಯದಲ್ಲಿ ಅವಳು ಗಾಜಿನ ತಟ್ಟೆಗಳಲ್ಲಿ ಜೀವಕೋಶ ಸಾಕಿ, ಅವುಗಳೊಳಗಿನ ಕೊಬ್ಬನ್ನು ಅಳೆಯುತ್ತಿದ್ದಳು. ಅವಕ್ಕೆ ಹೊಸ ಆಹಾರ ಸುರಿಯುತ್ತಿದ್ದಾಗಲೇ ಬಬಲೇಶ್ವರದಿಂದ ಅವಳ ಅಜ್ಜಿ ರಾಚವ್ವನ ಫೋನು.

"ಎಲ್ಲಿ ಅದೀ ಬೇ? ಎಲ್ಲಾರೂ ಟ್ರ್ಯಾಕ್ಟರ್ ಏರ್ಯಾರ. ನೀ ಬರೂದ್ರಾಗ ಕಡಬೆಲ್ಲಾ ನಿನ್ನ ತಮ್ಮ ಖಾಲಿ ಮಾಡ್ತಾನ."

"ಇವಕ್ಕ ಉಣಸಿ ಬಂದ್ನಿ ಆಯಿ!"

ಅಂದು ಹೊಲದಲ್ಲಿ ಬಸುರಿ ಭೂಮಿತಾಯಿಗೆ ಬಯಕೆಯ ಊಟವೆಂದು ಸಜ್ಜೆ ಕಡಬು, ಪುಂಡಿಪಲ್ಯ ಎಲ್ಲವನ್ನೂ ಜೋಳದ ನಡುವೆ ಚರಗ ಚೆಲ್ಲಿದರು. ತಾವೂ ಹೊಟ್ಟೆ ಬಿರಿಯುವಂತೆ ಉಂಡರು.

ಸಂಜೆ ಪ್ರಯೋಗಾಲಯಕ್ಕೆ ಮರಳಿ ಫ್ರಿಜ್ ತೆರೆದಳು. ಆಹಾರದ ಬಾಟಲಿ ತುಂಬಿದಂತೆಯೇ ಇತ್ತು. ಮುಂಜಾನೆ ಸುರಿದದ್ದು ಪಕ್ಕದ ಬಾಟಲಿ. ಅದೂ ಗುಲಾಬಿ ಬಣ್ಣದ್ದೇ, ಆದರೆ ಹೆಚ್ಚುಕಡಿಮೆ ಬರೀ ಉಪ್ಪುನೀರು. ಉಳಿದಿದ್ದ ಕೊನೆಯ ಜೀವಕೋಶಗಳು ಇವೇ. ಸತ್ತಿದ್ದರೆ ಎರಡು ವರ್ಷದ ಕೆಲಸ ಅಲ್ಲಿಗೇ ಮುಗಿದಂತೆ.

"ಮೇಡಂ, ಎಲ್ಲಾನೂ ಉಪವಾಸ ಕೆಡವಿ ಹೋಗೇನ್ರಿ" ಎಂದಳು, ಮಾರ್ಗದರ್ಶಕಿ ನಿರ್ಮಲಾ ಮೇಡಂ ಎದುರು.

"ಹೊಲಕ್ಕ ಉಣಸಾಕ ಹೋಗಿ ಮನಿ ಕೂಸಿನ್ನ ಮರತೆಲ್ಲಾ! ಅಳಬ್ಯಾಡ, ಬಣ್ಣ ಹಾಕು, ನೋಡೂಣು."

ಕೊಬ್ಬನ್ನು ಹಸಿರಾಗಿ ಹೊಳೆಯಿಸುವ ಬಣ್ಣ ಬೆರೆಸಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಹಸಿದ ಮೈಯಲ್ಲಿ ಕೊಬ್ಬು ಎಲ್ಲಿಯದು, ಕತ್ತಲೆಯೇ ಕಾಣುತ್ತದೆಂದುಕೊಂಡಿದ್ದಳು. ಕಂಡದ್ದು ಹಸಿರು ಹನಿಗಳ ನಕ್ಷತ್ರರಾಶಿ! ನಿನ್ನೆ ಅವು ಉಂಡು ಕೂತಾಗ ಕಂಡದ್ದಕ್ಕಿಂತ ಹೆಚ್ಚು. ಆಯಿಯ ಕಥೆಗಳ ಪಾತಾಳದ ಅರಮನೆಗಳಲ್ಲೂ ಇಷ್ಟು ದೀಪಗಳಿರಲಿಲ್ಲ.

ಮೇಡಂ ತಾವೂ ಬಗ್ಗಿ ನೋಡಿದರು. "ಜೀವಂತ ಅದಾವ!"

"ಉಪವಾಸದಾಗ ಕೊಬ್ಬು ಹೆಂಗ ಬಂತ್ರಿ?"

"ಉಣ್ಣಾಕ ಇದ್ದಾಗ ಒಳಗೊಂದು ತಡಿ ಇರತೈತಿ, ಏನೂ ಮುರೀಬ್ಯಾಡ ಅಂತ. ಹಸಿವಾತಂದ್ರ ಆ ತಡಿ ಸಡಲ್ತೈತಿ. ಆಗ ಜೀವಕೋಶ ತನ್ನವ ಹಳೇ ಸಾಮಾನು ಚೀಲದಾಗ ಸುತ್ತಿ ಕರಗಿಸಿ ತಿಂತೈತಿ. ಅದರಾಗಿಂದ ಹೊರಬಿದ್ದ ಕೊಬ್ಬು ಹಂಗ ಅಡ್ಡಾಡಿದ್ರ ವಿಷ. ಅದಕ್ಕ ಹನಿ ಮಾಡಿ ಕಟ್ಟಿಡ್ತೈತಿ, ಬೇಕಾದಂಗ ತಗದು ಉರಸ್ತೈತಿ."

"ಇದಕ್ಕ ಯಾರ ಕಲಿಸ್ಯಾರ್ರಿ?"

"ನನ್ನ ಏನ ಕೇಳ್ತೀ? ನೀನ ನೋಡಿ ಹೇಳು. ಒಂದ ತಟ್ಟಿಗೆ ಉಣಸು, ಇನ್ನೊಂದ ಸ್ವಲ್ಪ ಹೊತ್ತು ಹಂಗ ಇರ್ಲಿ."

ಶಾಂಭವಿ ಬಾಟಲಿಯ ಹೆಸರನ್ನು ಬಾಯಿಬಿಟ್ಟು ಓದಿ ಒಂದು ತಟ್ಟೆಗೆ ಆಹಾರ ಸುರಿದಳು. ಹಸಿದೇ ಇದ್ದ ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುತ್ತ ಕೂತಳು. ಕಣ್ಣಿಗೇ ಕಾಣದಷ್ಟು ಸಣ್ಣ ಮನೆಯೊಂದು ತನ್ನವೇ ಹಳೆಯ ತೊಲೆಗಳನ್ನಿಳಿಸಿ ಒಲೆಗಿಟ್ಟು, ಉರಿ ಆರಗೊಡದೆ ಬದುಕಿತ್ತು.