ಕದಿರಮ್ಮನ ಕೈ

ಬೆನ್ನ ಹಿಂದೆ ಯಾರೋ ಬಂದು ನಿಂತದ್ದು ಕದಿರಮ್ಮನಿಗೆ ತಿರುಗಿ ನೋಡದೆಯೇ ಗೊತ್ತಾಯಿತು. ಬೆಂಗಳೂರಿನ ಆಫೀಸಿನಿಂದ ಬಂದಿದ್ದ ಇಂಜಿನಿಯರು. ಒಂದು ಕೈಯಲ್ಲಿ ಸ್ಟಾಪ್‌ವಾಚು, ಇನ್ನೊಂದರಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ. ಅವಳು ಒಂದು ಮೋಟಾರಿಗೆ ತಂತಿ ಕೂರಿಸಿ ಪಕ್ಕಕ್ಕಿಟ್ಟಾಗಲೆಲ್ಲ ಅವನ ಗಡಿಯಾರ ಟಿಕ್ ಅನ್ನುತ್ತಿತ್ತು, ಅವನು ಏನೋ ಬರೆದುಕೊಳ್ಳುತ್ತಿದ್ದ.

ಪಕ್ಕದ ಮೇಜಿನಲ್ಲಿ ಕೂತಿದ್ದ ಮುತ್ತಮ್ಮ ತಲೆ ಎತ್ತದೆ ಮೆಲ್ಲಗೆ ಅಂದಳು: "ನಿಧಾನ ಮಾಡೇ ಕದ್ರಿ. ಅವ್ನು ಹೋಗೋಗಂಟ ನಿಧಾನ ಮಾಡು."

ಕದಿರಮ್ಮನಿಗೆ ಕೇಳಿಸಿತು. ಕೇಳಿಸಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು, ಆದರೆ ಕೇಳಿಸಿತ್ತು.

ಪಿಳ್ಳಗುಂಪೆಯ ಆ ಕಾರ್ಖಾನೆಯಲ್ಲಿ ಫ್ಯಾನಿನ ಮೋಟಾರು ತಯಾರಾಗುತ್ತಿತ್ತು. ಕೂದಲಿಗಿಂತ ತುಸು ದಪ್ಪವಾದ ತಾಮ್ರದ ತಂತಿಯ ಸುರುಳಿಯನ್ನು ಕಬ್ಬಿಣದ ಬಳೆಯ ಸೀಳುಗಳಲ್ಲಿ ಬೆರಳಿನಿಂದ ಇಳಿಸಿ, ಬಿದಿರು ಕಡ್ಡಿಯಿಂದ ಒತ್ತಿ ಕೂರಿಸಬೇಕು. ಆ ಕೆಲಸಕ್ಕೆ ಇಪ್ಪತ್ತೆರಡು ಹೆಂಗಸರಿದ್ದರು. ಒಂದು ಶಿಫ್ಟಿಗೆ ಮೂವತ್ತು ಮೋಟಾರು ಮುಗಿಸಿದರೆ ಸಾಕಿತ್ತು. ಹನ್ನೊಂದು ವರ್ಷದ ಹಿಂದೆ ಕದಿರಮ್ಮ ಸೇರಿದ ಮೊದಲ ವಾರ ತಂತಿ ಕುಯ್ದು ಬೆರಳೆಲ್ಲ ರಕ್ತವಾಗಿ, ನಾಳೆಯಿಂದ ಬರುವುದಿಲ್ಲ ಎಂದು ಅತ್ತಿದ್ದಳು. ಮುತ್ತಮ್ಮ ಡಬ್ಬಿಯಿಂದ ಕೊಬ್ಬರಿಯೆಣ್ಣೆ ತೆಗೆದು ಬೆರಳಿಗೆ ಸವರಿ, ಹಿಂದಿನಿಂದ ತಬ್ಬಿದ ಹಾಗೆ ಕೂತು, ಅವಳ ಕೈಯ ಮೇಲೆ ತನ್ನ ಕೈಯಿಟ್ಟು ಒಂದೊಂದೇ ಸೀಳು ತುಂಬಿಸಿದ್ದಳು. ಆಗ ಹತ್ತೊಂಬತ್ತು ವರ್ಷದವನಾಗಿದ್ದ ಕಾಂತರಾಜುವಿಗೂ ಅದೇ ಕೈ ಕಲಿಸಿತ್ತು. ಈಗ ಕಾಂತರಾಜು ಸೂಪರ್‌ವೈಸರು.

ಹಿಂದಿನ ದಿನ ಕಾಂತರಾಜುವೇ ಬಂದು ಕದಿರಮ್ಮನಿಗೆ ಹೇಳಿದ್ದ. ಕಂಪನಿಯವರು ಇನ್ನು ಮೇಲೆ ಚೆನ್ನಾಗಿ ಕೆಲಸ ಮಾಡುವವರನ್ನು ಗುರುತಿಸುತ್ತಾರಂತೆ, ಬೆಳೆಸುತ್ತಾರಂತೆ, ಹೊಸಬರಿಗೆ ಕಲಿಸುವ ಟೀಚರು ಮಾಡುತ್ತಾರಂತೆ. ಅವಳ ಹೆಸರು ಆಗಲೇ ಮೇಲೆ ಹೋಗಿದೆಯಂತೆ. ಮದುವೆಯಾಗಿ ಹದಿನಾರು ವರ್ಷದಲ್ಲಿ ಗಂಡ ಪಿಳ್ಳಣ್ಣ ಸಾರಿಗೆ ಉಪ್ಪು ಹೆಚ್ಚಾದರೆ ಹೇಳಿದ್ದನೇ ಹೊರತು ಸರಿಯಾಗಿದ್ದಾಗ ಒಮ್ಮೆಯೂ ಹೇಳಿರಲಿಲ್ಲ. ನೀನು ಚೆನ್ನಾಗಿ ಮಾಡುತ್ತೀಯೆ ಎಂದು ಬಾಯಿಬಿಟ್ಟು ಯಾರಾದರೂ ಅಂದದ್ದು ಅವಳಿಗೆ ನೆನಪಿರಲಿಲ್ಲ. ಗಡಿಯಾರದವನು ಬೆನ್ನ ಹಿಂದೆ ನಿಂತ ನಾಲ್ಕು ದಿನವೂ ಅವಳ ಬೆರಳುಗಳು ತಂತಿಯ ಮೇಲೆ ಹಾರಿದವು. ನಾಲ್ಕನೆಯ ದಿನ ಶಿಫ್ಟು ಮುಗಿದಾಗ ನಲವತ್ತಾರಾಗಿತ್ತು.

ಆಯುಧಪೂಜೆಯ ದಿನ ಮಷೀನುಗಳಿಗೆಲ್ಲ ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದ ಮೇಲೆ ಮ್ಯಾನೇಜರು ಅವಳನ್ನು ಮುಂದಕ್ಕೆ ಕರೆದರು. ಚೌಕಟ್ಟು ಹಾಕಿದ ಸರ್ಟಿಫಿಕೇಟು, ಒಂದು ಪ್ರೆಶರ್ ಕುಕ್ಕರ್ ಕೊಟ್ಟು ಫೋಟೋ ತೆಗೆಸಿದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಮುತ್ತಮ್ಮ. ಕುಕ್ಕರನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಹೋಗುವಾಗ, ಯಾರಾದರೂ ಇದೇನು ಎಂದು ಕೇಳಲಿ ಎಂದು ಕದಿರಮ್ಮ ಕಾದಳು.

ಮುಂದಿನ ಸೋಮವಾರ ನೋಟೀಸ್ ಬೋರ್ಡಿನಲ್ಲಿ ಅವಳ ಫೋಟೋ ಇತ್ತು. ಅದರ ಕೆಳಗೆ ಒಂದು ಹಾಳೆ. ಇನ್ನು ಮೇಲೆ ಶಿಫ್ಟಿಗೆ ನಲವತ್ತೆರಡು ಮೋಟಾರು, ಇದು ಕೈಲಾಗುವ ಕೆಲಸವೆಂದು ಅಳೆದು ನೋಡಲಾಗಿದೆ ಎಂದು ಬರೆದಿತ್ತು. ಹೆಂಗಸರು ಹಾಳೆ ಓದಿದರು, ಫೋಟೋ ನೋಡಿದರು, ತಂತಮ್ಮ ಮೇಜಿಗೆ ಹೋದರು. ಯಾರೂ ಜಗಳಕ್ಕೆ ಬರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಅವಳ ಡಬ್ಬಿಯ ಉಪ್ಪಿನಕಾಯಿಗೆ ಯಾರ ಕೈಯೂ ಬರಲಿಲ್ಲ, ಅಷ್ಟೆ. ಮುತ್ತಮ್ಮ ಮಾತ್ರ ಎಂದಿನಂತೆ ಪಕ್ಕದಲ್ಲಿ ಕೂತು ಮುದ್ದೆ ಮುರಿದಳು.

ಹರೆಯದವರು ಹೇಗೋ ಹಲ್ಲು ಕಚ್ಚಿ ನಲವತ್ತೆರಡು ಮೋಟಾರು ಮುಟ್ಟಿಸಿದರು. ಮುತ್ತಮ್ಮನಿಗೆ ಐವತ್ತೊಂದು. ಹೊಸ ಲೆಕ್ಕ ಮುಟ್ಟಲು ಒದ್ದಾಡಿ, ಬೆಳಗಿನ ಹೊತ್ತು ಅವಳ ಬೆರಳಿನ ಗೆಣ್ಣುಗಳು ಊದಿಕೊಂಡು ಮಡಿಸಲು ಬರುತ್ತಿರಲಿಲ್ಲ. ಮೊದಲು ಮೂವತ್ತು ಮುಗಿಸುತ್ತಿದ್ದವಳ ಲೆಕ್ಕ ಈಗ ಇಪ್ಪತ್ತೇಳು, ಇಪ್ಪತ್ತೆಂಟಕ್ಕೆ ನಿಂತುಬಿಡುತ್ತಿತ್ತು. ಕದಿರಮ್ಮ ತಾನು ಮುಗಿಸಿದ ನಾಲ್ಕು ಮೋಟಾರನ್ನು ಸದ್ದಿಲ್ಲದೆ ಅವಳ ಟ್ರೇಗೆ ಸರಿಸಿದಳು. ಮುತ್ತಮ್ಮ ನೋಡಿದಳು, ಅವನ್ನು ಒಂದೊಂದಾಗಿ ಎತ್ತಿ ವಾಪಸ್ಸು ಇಟ್ಟಳು.

"ಇವು ನನ್ನವಲ್ಲ ಕಣವ್ವ," ಅಂದಳು.

ಕೊನೆಗೆ ಕದಿರಮ್ಮ ಧೈರ್ಯ ಮಾಡಿ, ಮುತ್ತಮ್ಮನನ್ನು ಕೆಲಸದಿಂದ ತೆಗೆಯಬೇಡಿ ಎಂದು ಕೇಳಲು ಮ್ಯಾನೇಜರ ರೂಮಿಗೇ ಹೋದಳು. ಅವರು ರೇಗಲಿಲ್ಲ, ಕೂರಿಸಿ ಮಾತಾಡಿಸಿದರು. ಕಂಪನಿ ಯಾರನ್ನೂ ಕೈಬಿಡುವುದಿಲ್ಲ, ಹಿಂದೆ ಬಿದ್ದವರಿಗೆ ಒಂದು ವಾರ ತರಬೇತಿ ಕೊಟ್ಟು ಮೇಲೆತ್ತುತ್ತದೆ ಎಂದರು. ಅವಳಿಗೆ ಕಣ್ಣು ತುಂಬಿ ಬಂತು. ಎದ್ದು ಕೈಮುಗಿದಳು.

"ತರಬೇತಿ ಕೊಡೋದು ನೀವೇ ಕದಿರಮ್ಮ," ಅಂದರು ಮ್ಯಾನೇಜರು. "ನಿಮಗಿಂತ ಚೆನ್ನಾಗಿ ಗೊತ್ತಿರೋರು ಇಲ್ಲಿ ಯಾರಿದ್ದಾರೆ?"

ಹಾಗೆ ಡಿಸೆಂಬರಿನ ಒಂದು ವಾರ, ಸ್ಟೋರ್ ರೂಮಿನ ಮೂಲೆಯಲ್ಲಿ ಒಂದೇ ಮೇಜಿಗೆ ಇಬ್ಬರೂ ಕೂತರು. ಶಾಲೆಗೆ ಬಂದ ಮಗುವಿನ ಹಾಗೆ ಮುತ್ತಮ್ಮ ಹೇಳಿದಂತೆ ಕೇಳಿದಳು. ಕಡ್ಡಿ ಹೀಗೆ ಹಿಡಿ ಎಂದರೆ ಹಾಗೇ ಹಿಡಿದಳು. ಆ ಕಡ್ಡಿಯನ್ನು ಹಾಗೆ ಹಿಡಿಯುವುದನ್ನು ಕದಿರಮ್ಮನಿಗೆ ಹೇಳಿಕೊಟ್ಟವಳೇ ಅವಳು. ಕದಿರಮ್ಮ ಮನೆಯಿಂದ ಕೊಬ್ಬರಿಯೆಣ್ಣೆ ತಂದು ಆ ಗೆಣ್ಣುಗಳನ್ನು ನೀವಿದಳು. ಬಿಸಿನೀರಿನ ಲೋಟ ಹಿಡಿಸಿದಳು. ಗುರುವಾರ ಮೂವತ್ತೊಂದಾಯಿತು. ಶುಕ್ರವಾರ ಮೂವತ್ತನಾಲ್ಕು. ಆ ಸಂಜೆ ಮುತ್ತಮ್ಮನಿಗೆ ಬಸ್ಸಿನ ಕಂಬಿ ಹಿಡಿಯಲು ಆಗಲಿಲ್ಲ, ಕದಿರಮ್ಮ ತೋಳು ಹಿಡಿದು ಹತ್ತಿಸಿದಳು. ಶನಿವಾರ ಮತ್ತೆ ಇಪ್ಪತ್ತೊಂಬತ್ತು.

ಶನಿವಾರ ಸಂಜೆ ಕಾಂತರಾಜು ಒಂದು ಫಾರಂ ತಂದಿಟ್ಟ. ತರಬೇತಿ ಪಡೆದವರ ಹೆಸರು, ಕೊನೆಯ ದಿನ ಮುಗಿಸಿದ ಮೋಟಾರು, ಕೊಟ್ಟವರ ಸಹಿ. ಇಟ್ಟವನು ಅಲ್ಲಿ ನಿಲ್ಲದೆ ಬಾಗಿಲಾಚೆ ಹೋಗಿ ಬೆನ್ನು ತಿರುಗಿಸಿ ನಿಂತ. ಕದಿರಮ್ಮ ಪೆನ್ನು ಹಿಡಿದಳು. ನಲವತ್ತೆರಡು ಎಂದು ಬರೆದುಬಿಡೋಣ ಅನ್ನಿಸಿತು. ನಾಲ್ಕರ ಗೆರೆ ಎಳೆಯುವುದರಲ್ಲಿದ್ದಳು.

"ಇದ್ದದ್ದು ಬರಿ," ಅಂದಳು ಮುತ್ತಮ್ಮ. "ಸುಳ್ಳು ಬರುದ್ರೆ ಸೋಮವಾರ ನಾನು ಎಲ್ಲಿಂದ ತರ್ಲಿ?"

"ನಾನು ಬರೆಯಾಕಿಲ್ಲ ಮುತ್ತಕ್ಕ."

"ನೀನು ಬರೀದಿದ್ರೆ ಅವ್ನು ಬರೀತಾನೆ. ಅವ್ನಿಗಾದ್ರೂ ಆ ಪಾಪ ಯಾಕೆ, ಮಕ್ಕಳೊಂದಿಗ. ಬರಿಯವ್ವ."

ಇಪ್ಪತ್ತೊಂಬತ್ತು ಎಂದು ಬರೆದು ಕದಿರಮ್ಮ ಸಹಿ ಹಾಕಿದಳು. ಸೋಮವಾರ ಗೇಟಿನಲ್ಲೇ ಮುತ್ತಮ್ಮನ ಕೈಗೆ ಲೆಕ್ಕ ತೀರಿಸಿದ ಕವರು ಕೊಟ್ಟು ಕಳಿಸಿದರು. ಕದಿರಮ್ಮ ಕೇಳಲು ಹೋದಾಗ ಕಾಂತರಾಜು ರಿಜಿಸ್ಟರಿನಿಂದ ಮುಖ ಎತ್ತಲಿಲ್ಲ. ನಂಗೂ ಕಲ್ಸಿದ್ದು ಅವರೇ ಅಂದ.

ಅವತ್ತಿನಿಂದ ಕದಿರಮ್ಮ ನಿಧಾನವಾಗಿ ಕೆಲಸ ಮಾಡಲು ನೋಡಿದಳು. ಒಂದು ದಿನ ಬೇಕೆಂದೇ ಮೂವತ್ತಕ್ಕೆ ನಿಲ್ಲಿಸಿದಳು. ಮೈಗೆ ಹುಷಾರಿಲ್ಲವೇ ಎಂದು ಮ್ಯಾನೇಜರು ವಿಚಾರಿಸಿ, ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಅವಳು ಎಷ್ಟು ಮಾಡಬಲ್ಲಳು ಎಂಬುದು ಅವರ ಹಾಳೆಯಲ್ಲಿತ್ತು. ಮಾರನೆಯ ದಿನ ಏನೋ ಯೋಚಿಸುತ್ತ ಕೂತಿದ್ದಾಗ ಬೆರಳುಗಳು ತಮ್ಮ ಪಾಡಿಗೆ ತಾವು ನಲವತ್ತನಾಲ್ಕು ಮುಗಿಸಿದ್ದವು. ಖಾಲಿಯಾದ ಪಕ್ಕದ ಮೇಜಿಗೆ ಹೊಸ ಹುಡುಗಿ ಬಂದಳು. ಕಲಿಸಬೇಕಾದವಳು ಕದಿರಮ್ಮನೇ.

ಸಂಕ್ರಾಂತಿ ಕಳೆದ ಭಾನುವಾರ ಎಳ್ಳು ಬೆಲ್ಲ ಕಟ್ಟಿಕೊಂಡು ಅವಳು ಹೊಸಕೋಟೆಯಲ್ಲಿದ್ದ ಮುತ್ತಮ್ಮನ ಮನೆ ಹುಡುಕಿಕೊಂಡು ಹೋದಳು. ಮುತ್ತಮ್ಮ ಬಾಗಿಲ ಜಗುಲಿಯ ಮೇಲೆ ಕಾಲು ನೀಡಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಒಂದು ಮೂಟೆ. ಸುಲಿದುಕೊಟ್ಟರೆ ಸೇರಿಗಿಷ್ಟು ಅಂತ ತರಕಾರಿ ಮಂಡಿಯವರು ಕೊಡುತ್ತಾರೆ, ಮನೇಲಿ ಕೂತು ಮಾಡೋ ಕೆಲಸ, ಯಾರೂ ಕೇಳೋರಿಲ್ಲ ಎಂದು ತಾನಾಗೇ ಹೇಳಿದಳು. ಕದಿರಮ್ಮನ ಮಕ್ಕಳನ್ನು ವಿಚಾರಿಸಿದಳು. ಕಾರ್ಖಾನೆಯ ಮಾತು ಎತ್ತಲಿಲ್ಲ.

ಮಾತಾಡುತ್ತಲೇ ಕದಿರಮ್ಮ ಮೂಟೆಗೆ ಕೈ ಹಾಕಿ ಒಂದು ಹಿಡಿ ಕಾಯಿ ಮಡಿಲಿಗೆ ಸುರಿದುಕೊಂಡಳು. ಆವತಿಯ ನೆಂಟರ ಮದುವೆ, ತನ್ನ ಹುಡುಗನಿಗೆ ಬಂದ ಜ್ವರ, ಒಂದೊಂದೇ ಹೇಳುತ್ತ, ಹಿಡಿಯ ಮೇಲೆ ಹಿಡಿ ಸುಲಿಯುತ್ತ ಹೋದಳು. ಸ್ವಲ್ಪ ಹೊತ್ತಿಗೆ ಮುತ್ತಮ್ಮ ಮಾತು ನಿಲ್ಲಿಸಿದ್ದಾಳೆ ಅನ್ನಿಸಿ ತಲೆ ಎತ್ತಿದಳು. ಮುತ್ತಮ್ಮ ಸುಲಿಯುವುದನ್ನೂ ನಿಲ್ಲಿಸಿ ಅವಳ ಬೆರಳುಗಳನ್ನೇ ನೋಡುತ್ತಿದ್ದಳು. ಕದಿರಮ್ಮನ ಮುಂದಿನ ಸಿಪ್ಪೆಯ ರಾಶಿ ಆಗಲೇ ಮುತ್ತಮ್ಮನದಕ್ಕಿಂತ ಎತ್ತರ ಬೆಳೆದಿತ್ತು.

"ಸಾಕು ಬಿಡವ್ವ," ಅಂದಳು ಮುತ್ತಮ್ಮ. "ಕಾಫಿ ಕಾಯಿಸ್ತೀನಿ, ಕುಡ್ಕೊಂಡು ಹೊರಡು. ಆಮೇಲೆ ಬಸ್ಸಿಲ್ಲ."

ಒಳಗೆ ಹೋಗುವ ಮುಂಚೆ ಅವಳು ಬಗ್ಗಿ, ಎರಡೂ ಕೈಯಿಂದ ಮೂಟೆಯ ಬಾಯಿ ಹಿಡಿದು, ಅದನ್ನು ಕದಿರಮ್ಮನ ಕೈಗೆಟುಕದ ಹಾಗೆ ಜಗುಲಿಯ ಆ ತುದಿಗೆ ಮೆಲ್ಲಗೆ ಎಳೆದುಕೊಂಡಳು.