ನಿಲ್ಲಿಸಬಾರದ ಹಾಡು

"ತುಂಡು ಮಾಡ್ಬೇಕಾ?"

ಸುನ್ನಿವಾ ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಅವಳ ಕೂಗು ಬಂದರು ದಾಟಿ, ಬಂಡೆಯ ಮೇಲಿನ ಹಕ್ಕಿಗಳನ್ನೆಲ್ಲ ಎಬ್ಬಿಸಿ, ದೂರದ ಐಸ್‌ಲ್ಯಾಂಡಿನವರ ನಿದ್ದೆಯನ್ನೂ ಕೆಡಿಸಿರಬೇಕು.

"ನಿಮ್ಮಪ್ಪನ ಹಾಡು ಕಣೋ ಅದು! ಕುರಿ ಮಾಂಸ ಅಂದ್ಕೊಂಡ್ಯಾ, ಕೊಯ್ದು ಹಂಚೋಕೆ?"

ಅಣ್ಣನ ಮಗ ಹಾನುಸ್ ಲ್ಯಾಪ್‌ಟಾಪಿನ ಹಿಂದೆ ಅಡಗಿದ. "ನಾನೇನ್ ಮಾಡ್ಲಿ ಅತ್ತೆ? ಪೆನ್‌ಡ್ರೈವ್ ತಗೋತಿಲ್ಲ. ಫೈಲ್ ತುಂಬ ದೊಡ್ಡದಂತೆ."

"ಒಳಗೆಲ್ಲ ಖಾಲಿ ಬಿದ್ದಿದೆ ಅಂದ್ಯಲ್ಲೋ?"

"ಜಾಗ ಬೇಕಾದಷ್ಟಿದೆ. ಆದ್ರೆ ಇದರದ್ದು ಹಳೇ ಪದ್ಧತಿ. ಒಂದೊಂದು ಫೈಲೂ ನಾಲ್ಕು ಜಿಬಿ ಒಳಗೇ ಇರ್ಬೇಕು."

"ಅಂದ್ರೆ ಅರಮನೆ ಪೂರಾ ಖಾಲಿ, ಬಾಗಿಲು ಮಾತ್ರ ಗಿಡ್ಡ. ಅದಕ್ಕೆ ಬಂದ ನೆಂಟನ ತಲೆ ಕಡೀಬೇಕು! ಯಾವ ಅಯೋಗ್ಯ ಕಟ್ಟಿದ್ದೋ ಇದನ್ನ?"

ಫಾರೋ ದ್ವೀಪಗಳ ಆ ಊರಲ್ಲಿ ಕೈಕೈ ಹಿಡಿದು ಹಾಡುತ್ತ ಕುಣಿಯತೊಡಗಿದರೆ ಕೊನೆಯ ಚರಣದವರೆಗೆ ಯಾರೂ ಕೈ ಬಿಡುವುದಿಲ್ಲ. ಒಮ್ಮೆ ಬಿರುಗಾಳಿ ಕುಣಿತದ ಮನೆಯ ಚಾವಣಿಯನ್ನೇ ಹೊತ್ತೊಯ್ದು ನಾರ್ವೆಯಲ್ಲಿ ಇಳಿಸಿತು. ಇವರು ತಲೆ ಕೂಡ ಎತ್ತದೆ ಮುಂದಿನ ಚರಣ ಹಿಡಿದರು. ಅಪ್ಪ ಸೀಮುನ್ ಮುಂದೆ ನಿಂತು ಹಾಡಿಸಿದ ಕೊನೆಯ ಕುಣಿತವನ್ನು ಹಾನುಸನೂ ಹಾಗೆಯೇ, ಫೋನು ಒಮ್ಮೆಯೂ ನಿಲ್ಲಿಸದೆ ಚಿತ್ರೀಕರಿಸಿದ್ದ. ಈಗ ಸೀಮುನ್ ಚರ್ಚಿನ ಹಿಂದೆ ಮಣ್ಣಿನಡಿ ಮಲಗಿದ್ದಾನೆ. ಪಕ್ಕದ ದ್ವೀಪದ ವೃದ್ಧಾಶ್ರಮದಲ್ಲಿ ಅವನ ಅಕ್ಕ ಮಾಲನ್ ಊಟ ಬಿಟ್ಟಿದ್ದಾಳೆ. ತಮ್ಮನ ಹಾಡೊಂದು ಕೇಳಿಸಿ ಎಂದಷ್ಟೇ ಅವಳ ಬೇಡಿಕೆ. ಫೋನಿನ ಸಣ್ಣ ದನಿ ಅವಳ ಕಿವಿಗೆ ತಾಕದು. ಅಲ್ಲಿನ ದೊಡ್ಡ ಟಿವಿಯೇ ಆಗಬೇಕು.

"ಫಾರ್ಮ್ಯಾಟ್ ಮಾಡ್ಬಹುದು ಅತ್ತೆ," ಹಾನುಸ್ ಮೆಲ್ಲಗೆ ಹೇಳಿದ. "ಒಳಗಿನ ಪದ್ಧತೀನೇ ಬದಲಾದ್ರೆ ಎಷ್ಟು ದೊಡ್ಡದಾದ್ರೂ ಹಿಡಿಯುತ್ತೆ. ಆದ್ರೆ ಇದರಲ್ಲಿರೋದೆಲ್ಲ ಅಳಿಸಿ ಹೋಗುತ್ತೆ. ನಿಮ್ಮ ಟಗರಿನ ಫೋಟೋ ಎಲ್ಲ ಇದರಲ್ಲೇ ಇವೆ. ತಡೀರಿ, ಒಂದೊಂದೇ ಈ ಕಡೆ ಇಳಿಸ್ಕೊಳ್ತೀನಿ."

ಬಹುಮಾನ ಗೆದ್ದ ಟಗರು ಅದು. ಅದರ ಕೊಂಬಿನ ಸುರುಳಿ ನೋಡಲು ಮೀನುಗಳೂ ದಡಕ್ಕೆ ಬರುತ್ತವೆ ಎಂದು ಸುನ್ನಿವಾ ಆಣೆಯಿಟ್ಟು ಹೇಳುತ್ತಿದ್ದಳು.

ಬಂದರಿನಲ್ಲಿ ಪಕ್ಕದ ದ್ವೀಪಕ್ಕೆ ಹೊರಡುವ ಹಡಗು ಕೂಗಿತು.

"ಅಳಿಸೋ!"

"ಎಲ್ಲಾನೂ?"

"ಟಗರು ಅಂಗಳದಲ್ಲೇ ನಿಂತಿದೆ, ಬೇಕಾದಾಗ ಮುಖ ನೋಡ್ಕೋತೀನಿ. ಅಣ್ಣನ್ನ ಎಲ್ಲಿ ಹೋಗಿ ನೋಡ್ಲಿ? ಒತ್ತು!"

ಹಾನುಸ್ ಒತ್ತಿದ.

ವೃದ್ಧಾಶ್ರಮದ ಟಿವಿಯಲ್ಲಿ ಸೀಮುನ್ ಹಾಡುತ್ತಿದ್ದ. ನೆಲಕ್ಕೆ ಬೀಳುವ ಹೆಜ್ಜೆಗಳ ಸದ್ದಿಗೆ ಕಿಟಕಿಯ ಗಾಜು ನಡುಗಿತು. ಅರ್ಧ ಹಾಡಿನಲ್ಲಿ ಬಂದ ದಾದಿ, "ಕಾಫಿ ಆರ್ತಿದೆ. ಒಂಚೂರು ನಿಲ್ಲಿಸೋಣ್ವಾ?" ಎಂದು ರಿಮೋಟಿಗೆ ಕೈ ಚಾಚಿದಳು.

"ಮುಟ್ಟಿ ನೋಡು!" ಎಂದಳು ಸುನ್ನಿವಾ. ದಾದಿ ಚಾಚಿದ ಕೈಯನ್ನು ಏಪ್ರನ್ನಿನ ಜೇಬಿಗೆ ಸೇರಿಸಿಕೊಂಡು ಗೋಡೆಗೊರಗಿ ನಿಂತಳು.

ಕೊನೆಯ ಚರಣ ಮುಗಿಯಿತು. ಟಿವಿ ಕಪ್ಪಾಯಿತು. ಹೊದಿಕೆಯ ಕೆಳಗೆ ಮಾಲನ್‌ಳ ಪಾದ ಇನ್ನೂ ಕುಣಿತದ ಹೆಜ್ಜೆಗೆ ಅಲುಗುತ್ತಿತ್ತು, ಎಡಕ್ಕೆ ಎರಡು, ಬಲಕ್ಕೆ ಒಂದು. ಸುನ್ನಿವಾ ಅಕ್ಕನ ಕೈ ಹಿಡಿದೇ ಕುಳಿತಿದ್ದಳು. ಮೇಜಿನ ಮೇಲೆ ಕಾಫಿಗೆ ಕೆನೆ ಕಟ್ಟಿತ್ತು.